ಒಂದು ಅಂಗಳ, ಎರಡು ಒಲೆ

ಫೆಬ್ರವರಿ 7, ಗುರುವಾರ

ಆ ಹುಡುಗಿ ಇವತ್ತೂ ಬೇರೆ ಒಲೆ ಹಚ್ಚಿದಳು.

ಅಂಗಳದ ಮೂಲೆಯಲ್ಲಿ, ಏಪ್ರಿಕಾಟ್ ಮರದಾಚೆ, ಇಟ್ಟಿಗೆ ಜೋಡಿಸಿಕೊಂಡಿದ್ದಾಳೆ. ಅದರ ಮೇಲೆ ತವರಿನಿಂದ ತಂದ ಕಪ್ಪು ಕಬ್ಬಿಣದ ಪುಟ್ಟ ಕಡಾಯಿ. ನಮಗೆ ಅಡುಗೆಮನೆಯ ದೊಡ್ಡ ಬಿಳಿ ಕಡಾಯಿಯಲ್ಲಿ ಕುರಿಮಾಂಸದ ಸಾರು ಮಾಡಿ ಬಡಿಸಿದಳು. ತಾನು ಮಾತ್ರ ಕಪ್ಪು ಕಡಾಯಿಯಲ್ಲಿ ಒಂದು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಕಾಳು ಬೇಯಿಸಿಕೊಂಡು ಮರಕ್ಕೆ ಬೆನ್ನು ಕೊಟ್ಟು ತಿಂದಳು.

"ಯಾಕೆ ಓಯ್ದಿನ್, ನಿನ್ನ ಕೈಯಡಿಗೆ ನಿನಗೇ ಸೇರಲ್ವಾ?" ಎಂದೆ.

"ಮಾಂಸ ಯಾಕೋ ಒಲ್ಲೆ ಅನಿಸ್ತಿದೆ ಅಮ್ಮ" ಎಂದಳು, ತಲೆ ಎತ್ತದೆ.

ಮೊನ್ನೆ ಮಗ ಫರ್ರುಖ್ ಲಾರಿ ಇಳಿದು ಬಂದಾಗ ಬಜಾರಿನ ಕಬಾಬು ತಂದಿದ್ದ. ಗಂಡನ ಪಕ್ಕದಲ್ಲಿ ಕೂತು ಕಡ್ಡಿ ಮೇಲೆ ಕಡ್ಡಿ ಖಾಲಿ ಮಾಡಿದಳು. ಆಗ ಮಾಂಸ ಸೇರಿತ್ತು.

ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ತಲೆ ಹಣ್ಣಾದವಳು ನಾನು. ಕಾರಣವಿಲ್ಲದೆ ನೀರು ಕೂಡ ಬಣ್ಣ ಬದಲಿಸುವುದಿಲ್ಲ. ಅಡುಗೆ ಮಾಡಿದವಳು ತನ್ನ ಅಡುಗೆಯನ್ನು ತಾನೇ ಮುಟ್ಟುವುದಿಲ್ಲ ಎಂದರೆ ಅದಕ್ಕೆ ಒಂದು ಅರ್ಥ ಇದ್ದೇ ಇದೆ. ನಮ್ಮ ಯಜಮಾನರಿಗೆ ಹೊಟ್ಟೆ ಹಿಂಡಲು ಶುರುವಾದದ್ದು ಅವಳು ಈ ಮನೆಗೆ ಬಂದ ಮೇಲೆ. ಇಷ್ಟನ್ನು ಸದ್ಯಕ್ಕೆ ಇಲ್ಲಿ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳುವಂತಿಲ್ಲ.

ಗುರುವಾರವಲ್ಲವೇ, ಸಂಜೆ ಎಣ್ಣೆ ಕಾಯಿಸಿ ಮನೆಯೆಲ್ಲ ಹೊಗೆ ಎಬ್ಬಿಸಿದಳು. ಸತ್ತ ಹಿರಿಯರಿಗೆ ವಾಸನೆ ಮುಟ್ಟಬೇಕಂತೆ. ಬದುಕಿರುವ ಹಿರಿಯಳು ನಾನು ಕೆಮ್ಮಿ ಕೆಮ್ಮಿ ಸಾಯುತ್ತಿದ್ದೆ.

ಫೆಬ್ರವರಿ 9, ಶನಿವಾರ

ಇವರು ಎರಕದ ಕೊಟ್ಟಿಗೆಯಿಂದ ಮಧ್ಯಾಹ್ನವೇ ಬಂದು ಮಂಚ ಹಿಡಿದರು. ಮುಖ ಬೂದಿ. ಸಾರು ಮುಂದಿಟ್ಟರೆ ಒಂದು ಗುಟುಕು ಕುಡಿದು ಬಟ್ಟಲು ದೂಡಿದರು.

"ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ."

"ಸಾರಿನಲ್ಲಿ ಏನಾದ್ರೂ ಇದೆಯಾ?"

"ಸಾರಿನಲ್ಲಿ ಕ್ಯಾರೆಟ್ ಇದೆ, ಟೀಚರಮ್ಮ. ಪರೀಕ್ಷೆ ಮಾಡ್ಬೇಕಾ?"

ನಗಾಡಿದರು. ಆದರೆ ಚಹಾದ ಬಟ್ಟಲು ಹಿಡಿದ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಂತಿತ್ತು. ಕೆಂಡದಂಥ ಲೋಹವನ್ನು ಸೌಟಿನಲ್ಲಿ ಎತ್ತಿ ಒಂದು ಹನಿ ಚೆಲ್ಲದೆ ಅಚ್ಚಿಗೆ ಹೊಯ್ಯುತ್ತಿದ್ದ ಕೈ ಅದು. ಇಸ್ಮತುಲ್ಲ ಮೇಸ್ತ್ರಿಯ ಕಡಾಯಿ ಎಂದರೆ ಕಣಿವೆಯ ಮೂರು ಜಿಲ್ಲೆಗಳಲ್ಲೂ ಹೆಸರು. ಮೊದಲು ಬರೀ ಕಬ್ಬಿಣದವು. ಫರ್ರುಖನ ಮದುವೆಯ ವರ್ಷದಿಂದ ಅಲ್ಯೂಮಿನಿಯಂನ ಈ ಬಿಳಿಯವು. ಹಗುರ, ಹೊಳಪು, ಬೇಗ ಕಾಯುತ್ತವೆ. "ಹೆಂಗಸರ ಸೊಂಟ ಉಳಿಸಿದ್ದು ನಾನು" ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಾರೆ. ಮೊದಲನೆಯದನ್ನು ಸೊಸೆಗೆಂದೇ ಎರೆದದ್ದು. ಅದರಲ್ಲಿ ಬೇಯಿಸಿದ್ದನ್ನು ಅವಳು ಮುಟ್ಟುತ್ತಿಲ್ಲ ಎನ್ನುವುದು ಇವರ ಕಣ್ಣಿಗೆ ಬಿದ್ದಿಲ್ಲ.

ನನ್ನ ಕಣ್ಣಿಗೆ ಬಿದ್ದಿದೆ.

ಫೆಬ್ರವರಿ 13

ತಂದೂರಿನ ಹತ್ತಿರ ಪಕ್ಕದ ಮನೆಯ ಬಾಷೋರತ್ ಸಿಕ್ಕಳು. ರೊಟ್ಟಿ ಬಡಿಯುವುದಕ್ಕಿಂತ ಹೆಚ್ಚಾಗಿ ಮಾತು ಬಡಿಯುವವಳು.

"ಹೋಸಿಯತಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೊಸೆಯ ಅಜ್ಜಿ ಇದಾಳಲ್ಲ, ಬೆಟ್ಟದ ಕಡೆಯೋಳು, ಅವಳು ಬೆಂಕಿ ಹತ್ರ ಮಾತಾಡ್ತಾಳಂತೆ."

"ಬೆಂಕಿ ಏನಂತ ಉತ್ತರ ಕೊಡುತ್ತಂತೆ?"

"ನಗಬೇಡಿ. ಕಾಯಿಲೆಯೋರ ಸುತ್ತ ಉರಿಯೋ ಬಟ್ಟೆ ತಿರುಗಿಸ್ತಾಳೆ. ಹೊಗೆ ಹಾಕ್ತಾಳೆ. ಕಾಯಿಲೆ ತೆಗೆಯೋಕೆ ಬರೋರಿಗೆ ಹಾಕೋಕೂ ಬರುತ್ತೆ ಅಲ್ವಾ? ಮೇಸ್ತ್ರಿಗಳು ಹೇಗೆ ಸೊರಗಿದಾರೆ ನೋಡಿ. ಯಾರೋ ಮದ್ದು ಹಾಕಿದ ಹಾಗೇ ಇದೆ."

ಮದ್ದು ಹಾಕುವುದೆಂದರೆ ಮೂಢನಂಬಿಕೆ ಎಂದು ಅವಳಿಗೆ ಬುದ್ಧಿ ಹೇಳಿ ಬಂದೆ. ಮನೆಗೆ ಬಂದ ಮೇಲೆ ಯೋಚಿಸಿದೆ. ಮದ್ದು ಮೂಢನಂಬಿಕೆ ಇರಬಹುದು, ಆದರೆ ಪಾಷಾಣ ರಸಾಯನಶಾಸ್ತ್ರ.

ಉಪ್ಪಿನ ಡಬ್ಬಿ ಇಟ್ಟ ಕಡೆ ಇರುವುದಿಲ್ಲ ಈಚೆಗೆ. ನನ್ನ ತಲೆ ಕೆಡಿಸಲೆಂದೇ ಅವಳು ಜಾಗ ಬದಲಿಸುತ್ತಾಳೆ.

ಫೆಬ್ರವರಿ 16, ಶನಿವಾರ

ಅವಳು ಬಜಾರಿಗೆ ಹೋದಾಗ ಅವಳ ಪೆಟ್ಟಿಗೆ ತೆರೆದೆ. ನಾಚಿಕೆಯೇನೂ ಆಗಲಿಲ್ಲ. ನನ್ನ ಮನೆ, ನನ್ನ ಗಂಡನ ಜೀವ.

ಮದುವೆಯ ಅತ್ಲಾಸ್ ರೇಷ್ಮೆ ಉಡುಪಿನ ಮಡಿಕೆಯಲ್ಲಿ ಒಂದು ಬಟ್ಟೆಗಂಟು. ಒಳಗೆ ಬೂದುಬಣ್ಣದ ಪುಡಿ. ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಬಂದೆ.

ಶಾಲೆಯ ಪ್ರಯೋಗಾಲಯ ಮುಚ್ಚಿದಾಗ ಎಸೆಯುತ್ತಿದ್ದ ಬಾಟಲಿಗಳನ್ನು ತಂದು ಅಟ್ಟದ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದೊಂದಾಗಿ ಪ್ರಯೋಗಿಸಿದೆ. ಇದ್ದಿಲ ಬೂದಿ, ಕಲ್ಲುಪ್ಪು, ಇಸಿರಿಕ್ ಸೊಪ್ಪಿನ ಬೀಜ. ದೃಷ್ಟಿ ತೆಗೆಯಲು ಹೊಗೆ ಹಾಕುವ ಅದೇ ಹಳೆಯ ಸೊಪ್ಪು. ಬೇರೇನೂ ಇಲ್ಲ.

ಅಂದರೆ ನಿಜವಾದದ್ದನ್ನು ಬೇರೆ ಕಡೆ ಇಟ್ಟಿದ್ದಾಳೆ. ಬುದ್ಧಿವಂತೆ.

ಫೆಬ್ರವರಿ 18

ಇವತ್ತು ಹಿಡಿದೆ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಬಿಳಿ ಕಡಾಯಿಯಲ್ಲಿ ಈರುಳ್ಳಿ ಬಾಡಿಸುತ್ತಿದ್ದವಳು, ಸುತ್ತ ನೋಡಿ, ತಲೆವಸ್ತ್ರದ ಸೆರಗಿನಿಂದ ಏನೋ ತೆಗೆದು ಒಲೆಗೆ ಹಾಕಿದಳು. ಕಡಾಯಿಗಲ್ಲ, ಬೆಂಕಿಗೆ. ಚಟಪಟ ಸಿಡಿಯಿತು. ತುಟಿ ಅಲ್ಲಾಡುತ್ತಿತ್ತು.

ಒಳಗೆ ನುಗ್ಗಿ ಕೈ ಹಿಡಿದೆ. "ಏನದು? ನಿನ್ನ ಮಾವನಿಗೆ ಏನು ಹಾಕ್ತಿದೀಯ?"

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು. ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟಳು.

"ನೀವು ನನಗೆ ಏನು ಹಾಕ್ತಿದೀರ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ ಅಮ್ಮ?"

"ನಾನಾ?"

"ಹೋದ ವಸಂತದಲ್ಲಿ ಹೊಟ್ಟೇಲಿದ್ದ ನನ್ನ ಮಗು ಹೋಯ್ತು. ಈ ಮನೆ ಅನ್ನ ತಿಂದೇ ಹೋಯ್ತು. ತವರಲ್ಲಿದ್ದ ತಿಂಗಳು ಚೆನ್ನಾಗಿರ್ತೀನಿ, ಇಲ್ಲಿಗೆ ಬಂದ್ರೆ ತಲೆ ಸುತ್ತುತ್ತೆ, ಹೊಟ್ಟೆ ಹಿಂಡುತ್ತೆ. ಅಜ್ಜಿ ಹೇಳಿದ್ಲು, ಆ ಮನೇಲಿ ಯಾರದೋ ಕೈ ಸರಿ ಇಲ್ಲ, ಈ ಸಲ ನಿನ್ನ ಬೆಂಕಿ ನೀನೇ ಹಚ್ಚಿಕೋ, ನಿನ್ನ ಕಡಾಯಿ ಯಾರಿಗೂ ಕೊಡಬೇಡ ಅಂತ."

"ಈ ಸಲ ಅಂದ್ರೆ?"

ಅವಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ನಾಲ್ಕು ತಿಂಗಳಂತೆ. ಆ ದೊಗಲೆ ಅಂಗಿಯೊಳಗೆ ನನಗೆ ಗೊತ್ತೇ ಆಗಲಿಲ್ಲ. ಈರುಳ್ಳಿ ಸೀದುಹೋಯಿತು.

ಫೆಬ್ರವರಿ 19

ನಾನಂತೆ. ನನ್ನ ಕೈಯಂತೆ.

ಫೆಬ್ರವರಿ 24, ಭಾನುವಾರ

ಐದು ದಿನ ನಾವಿಬ್ಬರೂ ಮಾತಾಡಲಿಲ್ಲ. ಅವಳು ನನ್ನ ಬೆರಳನ್ನೇ ನೋಡುತ್ತಾಳೆ, ನಾನು ಅವಳ ಸೆರಗನ್ನೇ. ಮಧ್ಯೆ ಇವರು, "ಏನ್ರಮ್ಮ, ಮನೇಲಿ ಯಾರಾದ್ರೂ ಸತ್ತಿದಾರಾ?" ಎಂದು ರೇಗಿ, ಬಟ್ಟಲು ಗೋಡೆಗೆ ಎಸೆದರು. ಹಿಂದೆ ಹೀಗಿರಲಿಲ್ಲ.

ಕೊನೆಗೆ ನಾನೇ ಅವಳ ಒಲೆಯ ಹತ್ತಿರ ಹೋದೆ.

"ನೋಡು ಓಯ್ದಿನ್. ನೀನು ನನ್ನನ್ನ ನಂಬಬೇಡ. ನಾನೂ ನಿನ್ನನ್ನ ನಂಬಲ್ಲ. ಪ್ರನಾಳಕ್ಕೆ ಅತ್ತೆ ಗೊತ್ತಿಲ್ಲ, ಸೊಸೆ ಗೊತ್ತಿಲ್ಲ. ಅಡುಗೆಮನೇಲಿ ಏನೇನಿದೆಯೋ ಎಲ್ಲ ಪರೀಕ್ಷೆ ಮಾಡ್ತೀನಿ. ನೀನು ಎದುರಿಗೇ ಕೂತಿರು."

"ನೀರು ನಾನು ತರ್ತೀನಿ" ಎಂದಳು. ನನ್ನ ನೀರಿನ ಮೇಲೂ ಅನುಮಾನ. ತರಲಿ ಎಂದು ಬಿಟ್ಟೆ.

ಅಕ್ಕಿ, ಹತ್ತಿಬೀಜದ ಎಣ್ಣೆ, ಉಪ್ಪು, ಜೀರಿಗೆ, ಬಾವಿನೀರು, ಅವಳ ಬೂದಿ ಪುಡಿ, ನಾನು ಹಾಕಿದ ಉಪ್ಪಿನಕಾಯಿ. ಎಲ್ಲ ಶುದ್ಧ. ಕೊನೆಗೆ ನಿನ್ನೆಯ ಟೊಮೆಟೊ ಸಾರು ಉಳಿದಿತ್ತು, ಬಿಳಿ ಕಡಾಯಿಯಲ್ಲೇ. ಸೋಸಿ, ಇಂಗಿಸಿ, ಪೊಟ್ಯಾಶಿಯಂ ಅಯೊಡೈಡ್ ಬಿಟ್ಟೆ. ಮಬ್ಬು ಹಳದಿ ಕಂಡಿತು. ಪ್ರನಾಳ ಕೊಳೆಯಿರಬೇಕು ಎಂದು ತೊಳೆದು ಮತ್ತೆ ಮಾಡಿದೆ.

ಮತ್ತೆ ಹಳದಿ.

"ಸಾರಿಗೆ ನೀನು ಏನು ಹಾಕಿದೆ?" ಎಂದೆ.

"ನೀವು ಎದುರಿಗೇ ನಿಂತಿದ್ರಲ್ಲ ಅಮ್ಮ, ಬಾಗಿಲ ಸಂದೀಲಿ."

ಅದು ನಿಜ.

ಫೆಬ್ರವರಿ 25

ಇವರು ಕೊಟ್ಟಿಗೆಗೆ ಹೋಗುವುದನ್ನೇ ಕಾದು, ಬಿಳಿ ಕಡಾಯಿಯಲ್ಲಿ ದ್ರಾಕ್ಷಿಯ ವಿನೆಗರ್ ಹುಳಿನೀರು ಮಾತ್ರ ಹಾಕಿ ಕುದಿಸಿ ಇಂಗಿಸಿದೆ. ಅವಳ ಕಪ್ಪು ಕಡಾಯಿಯಲ್ಲಿ ಅದೇ ಹುಳಿನೀರು, ಅಷ್ಟೇ ಹೊತ್ತು. ಎರಡು ಒಲೆಗೂ ಅವಳೇ ಒಂದೇ ಗಾತ್ರದ ಸೌದೆ ಚಕ್ಕೆಗಳನ್ನು ಒಟ್ಟುತ್ತಾ ಕೂತಳು.

ಅಯೊಡೈಡ್ ಬಿಟ್ಟಾಗ ಬಿಳಿ ಕಡಾಯಿಯದು ಹಳದಿಗಟ್ಟಿತು. ಪ್ರನಾಳವನ್ನು ಬಿಸಿಮಾಡಿದೆ, ಹಳದಿ ಕರಗಿ ತಿಳಿಯಾಯಿತು. ತಣ್ಣೀರಿನಲ್ಲಿ ಹಿಡಿದೆ. ಚಿನ್ನದ ಪುಡಿ ಮಿನುಗುತ್ತ, ತಿರುಗುತ್ತ ಕೆಳಗಿಳಿಯತೊಡಗಿತು. ಪ್ರತಿ ವರ್ಷ ಮಕ್ಕಳಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದ ಪ್ರಯೋಗ.

"ಎಷ್ಟು ಚೆನ್ನಾಗಿದೆ. ಏನಮ್ಮ ಅದು?"

"ಸೀಸ."

"ಅದು ತಿಂದ್ರೆ?"

"ಹೊಟ್ಟೆ ಹಿಂಡುತ್ತೆ. ಕೈ ಸೋಲುತ್ತೆ. ಹೊಟ್ಟೇಲಿರೋದು..." ಪ್ರನಾಳವನ್ನು ಕೆಳಗಿಟ್ಟೆ.

ಕಪ್ಪು ಕಡಾಯಿಯ ಹುಳಿನೀರು ತುಕ್ಕಿನ ಬಣ್ಣಕ್ಕೆ ತಿರುಗಿತು, ಚಿನ್ನ ಇಳಿಯಲಿಲ್ಲ. ಮಧ್ಯಾಹ್ನ ಅದನ್ನು ತೊಳೆದು ಅವಳು ಹೆಸರುಕಾಳಿನ ಅನ್ನ ಮಾಡಿದಳು. ಎರಡು ಬಟ್ಟಲಿಗೆ ಬಡಿಸಿದಳು. ಉಪ್ಪು ಕಡಿಮೆಯಿತ್ತು.

ಫೆಬ್ರವರಿ 26

ಈಗ ಅನುಮಾನ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದೆ. ಇವರಿಗೆ ಗೊತ್ತಿತ್ತೇ?

ರೊಟ್ಟಿ ಕೊಡುವ ನೆಪದಲ್ಲಿ ಕೊಟ್ಟಿಗೆಗೆ ಹೋದೆ. ಬಚ್ಚಿಟ್ಟದ್ದು ಏನಾದರೂ ಇದೆಯೇ ಎಂದು ಮೂಲೆಮೂಲೆ ನೋಡಿದೆ. ಬಚ್ಚಿಟ್ಟದ್ದು ಏನೂ ಇಲ್ಲ. ಎಲ್ಲ ಎದುರಿಗೇ ರಾಶಿ ಬಿದ್ದಿದೆ: ಕಾರಿನ ಎಂಜಿನ್ ತುಂಡು, ರೇಡಿಯೇಟರು, ಹಳೆ ಬ್ಯಾಟರಿಗಳ ಒಳಗಿನ ಸೀಸದ ತಗಡು. ಗುಜರಿಯಿಂದ ಬಂದದ್ದು ಬಂದ ಹಾಗೇ ಕುಲುಮೆಗೆ.

"ಈ ಬ್ಯಾಟರಿ ತಗಡು ಯಾಕೆ ಹಾಕ್ತೀರ?"

"ಬೇಗ ಕರಗುತ್ತೆ. ಅಚ್ಚಿನ ಮೂಲೆಗೆಲ್ಲ ಚೆನ್ನಾಗಿ ಹರಿಯುತ್ತೆ. ಯಾಕೆ ಟೀಚರಮ್ಮ, ಎರಕ ಕಲೀತೀರಾ?"

ಹೇಳಿದೆ. ಎಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಕೆಂಪಾದರು.

"ನನ್ನಪ್ಪ, ನನ್ನಜ್ಜ ಈ ಬೆಂಕಿ ಮುಂದೆ ನಿಂತೋರು. ಊರಿನ ಮದುವೆ, ಸಾವು, ಎಲ್ಲಕ್ಕೂ ಪಲಾವು ಬೆಂದಿದ್ದು ನಮ್ಮ ಕಡಾಯೀಲಿ. ನೀನು ಗಾಜಿನ ಕೊಳವೆ ಹಿಡ್ಕೊಂಡು ಬಂದು ಇಸ್ಮತುಲ್ಲ ವಿಷ ಮಾರ್ತಾನೆ ಅಂತೀಯ. ಯಾರು ಹೇಳಿಕೊಟ್ರು? ಆ ಬೆಟ್ಟದ ಮುದುಕೀನಾ?"

ಅತ್ತೆ ಸೊಸೆ ಒಂದಾಗಿ ತನ್ನ ಮೇಲೆ ಬಿದ್ದಿದ್ದೇವೆ ಎಂದರು. ಸುಳ್ಳು. ನಾನು ಅವಳೊಂದಿಗೆ ಒಂದಾಗಿಲ್ಲ. ಪ್ರಯೋಗ ಮಾತ್ರ ಜೊತೆಗೆ ಮಾಡಿದ್ದು.

ಮಾರ್ಚ್ 2

ಹಟಕ್ಕೆ ಬಿದ್ದು ಇವರೇ ಬಿಳಿ ಕಡಾಯಿಯಲ್ಲಿ ಪಲಾವು ಮಾಡಿ, ನಮ್ಮ ಎದುರಿಗೆ ಕೂತು, ಒಬ್ಬರೇ ತಿಂದರು. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿದ್ದು ಕೇಳಿಸಿತು. ಬಂದು, "ತುಪ್ಪ ಜಾಸ್ತಿಯಾಯ್ತು" ಎಂದರು. ಹಾಕಿದ್ದು ಎಣ್ಣೆ.

ಮಾರ್ಚ್ 6, ಬುಧವಾರ

ಓಯ್ದಿನ್‌ಳನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ ಕಳೆದ ವಾರ ರಕ್ತ ಕೊಟ್ಟಿದ್ದೆವು. ಇವತ್ತು ಫಲಿತಾಂಶ. ಸೀಸದ ಮಟ್ಟ ನನ್ನದು ಅವಳದಕ್ಕಿಂತ ಬಹಳ ಮೇಲಿದೆ. ಅವಳು ಚಳಿಗಾಲದಿಂದ ಬೇರೆ ಒಲೆ ಹಚ್ಚಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಮಗುವಿನ ಎದೆಬಡಿತ ಚೆನ್ನಾಗಿದೆ. ನನಗೂ ಕೇಳಿಸಿದರು. ದೂರದಲ್ಲಿ ಕುದುರೆ ಓಡುವ ಹಾಗೆ.

ಡಾಕ್ಟರಮ್ಮ ಸೀಸದ ಲಕ್ಷಣ ಹೇಳುತ್ತಾ ಹೋದರು. ಹೊಟ್ಟೆನೋವು, ನಿದ್ದೆ ಬಾರದಿರುವುದು, ಇಟ್ಟ ವಸ್ತು ಮರೆಯುವುದು, ಸಿಡುಕು, ಕಂಡವರ ಮೇಲೆಲ್ಲ ಅನುಮಾನ. ಓಯ್ದಿನ್ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಾಕೆ ನಗುತ್ತಿದ್ದಳೋ ಗೊತ್ತಿಲ್ಲ. ಆ ಕೊನೆಯ ಲಕ್ಷಣ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಮಾರ್ಚ್ 12

ಸಂಕಟ ಈಗ ಮನೆ ದಾಟಿದೆ. ನವ್ರೋಜ್ ಹೊಸವರ್ಷ ಹತ್ತಿರ ಬಂತು. ಕೇರಿಯ ಹೆಂಗಸರೆಲ್ಲ ಸೇರಿ ಗೋಧಿ ಮೊಳಕೆಯ ಸುಮಲಕ್ ಪಾಯಸ ಕಾಯಿಸುವುದು ಹೋದ ವರ್ಷ ಇವರು ಕೇರಿಗೆ ದಾನ ಕೊಟ್ಟ ಆ ಭಾರಿ ಬಿಳಿ ಕಡಾಯಿಯಲ್ಲಿ. ಒಂದು ಹಗಲು ಒಂದು ರಾತ್ರಿ ಕುದಿಯಬೇಕು. ಆಮೇಲೆ ಮನೆಮನೆಗೆ ಹಂಚುತ್ತಾರೆ, ಹಾಲುಕುಡಿಯುವ ಮಕ್ಕಳ ನಾಲಿಗೆಗೂ ಒಂದು ಬೆರಳು ಸವರುತ್ತಾರೆ.

ಬಾಷೋರತ್‌ಗೆ ಹೇಳಲು ಹೋದೆ. "ಈ ಸಲ ಬೇರೆ ಕಡಾಯಿ ತಗೊಳ್ಳೋಣ" ಎಂದೆ.

"ಯಾಕೆ? ಮೇಸ್ತ್ರಿಗಳ ಜತೆ ಜಗಳವಾ?" ಎಂದು ಕಣ್ಣು ಸಣ್ಣ ಮಾಡಿದಳು. "ಹೋಸಿಯತಕ್ಕ, ಆ ಹುಡುಗಿ ನಿಮಗೂ ಏನೋ ಹಾಕಿದಾಳೆ."

"ನಮ್ಮ ಹುಡುಗಿ ವಿಷಯ ನೀನು ಮಾತಾಡಬೇಡ" ಎಂದು ಎದ್ದು ಬಂದೆ. ಕಾರಣ ಮಾತ್ರ ಬಾಯಿಂದ ಬರಲಿಲ್ಲ. ಗಂಡನ ಹೆಸರು ಬೀದಿಗೆ ತರುವುದು ಹೇಗೆ?

ಮಾರ್ಚ್ 14, ಗುರುವಾರ

ಬೆಟ್ಟದಿಂದ ಅವಳ ಅಜ್ಜಿ ಬಂದಿದ್ದರು. ಗಿಡ್ಡ ಮುದುಕಿ, ಕಣ್ಣು ಮಾತ್ರ ಇಕ್ಕಳ. ನನ್ನ ಕೈ ಎಳೆದುಕೊಂಡು ಅಂಗೈ ಹಿಂದೆಮುಂದೆ ನೋಡಿ, "ಈ ಕೈಯಲ್ಲಿ ಏನೂ ಇಲ್ಲ. ನಾನು ತಪ್ಪು ತಿಳಿದೆ" ಎಂದರು. ಸೀಸದ ವಿಚಾರ ಹೇಳಿದರೆ, "ನೀವು ಅದನ್ನ ಸೀಸ ಅಂತೀರಿ" ಎಂದು ಚಹಾ ಹೀರಿದರು. ಇಸಿರಿಕ್ ಹೊಗೆ ಹಾಕಿಕೊಂಡು ಮನೆ ಸುತ್ತಿದರು. ಮಂಡಿ ನೋವೆಂದು ಕೆಂಡದ ಬಾಣಲೆ ನನ್ನ ಕೈಗೇ ಕೊಟ್ಟರು. ವಯಸ್ಸಾದವರು, ಹಿಡಿದುಕೊಂಡೆ. ಇವರು ಮಲಗುವ ಕೋಣೆಯಲ್ಲಿ ಇನ್ನೊಂದು ಸುತ್ತು ಹಾಕಿದೆ. ಹೇಗೂ ಕೆಂಡ ಉಳಿದಿತ್ತು.

ಮಾರ್ಚ್ 17

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮಧ್ಯಾಹ್ನ ಇವರು ಊಟಕ್ಕೆ ಕೂತಿದ್ದರು. ಇವರ ಹಟಕ್ಕಾಗಿ ಇವರೊಬ್ಬರಿಗೆ ಬಿಳಿ ಕಡಾಯಿಯಲ್ಲೇ ಅಡುಗೆ ನಡೆಯುತ್ತಿದೆ. ಓಯ್ದಿನ್ ಬಟ್ಟಲು ತಂದು ಇವರ ಮುಂದಿಟ್ಟಳು. ಆಮೇಲೆ ಅದೇ ಕಡಾಯಿಯಿಂದ ಇನ್ನೊಂದು ಬಟ್ಟಲು ತುಂಬಿಕೊಂಡು ಬಂದು ಇವರ ಎದುರಿಗೆ ಕೂತಳು. ನಾನು ಏಳಲು ಹೋದೆ. ಕಣ್ಣಿನಲ್ಲೇ ತಡೆದಳು.

"ಅಪ್ಪ, ಈ ಕಡಾಯಿ ನನಗೋಸ್ಕರ ಮಾಡಿದ್ದು ನೀವು. ನಾನು ಇದರಲ್ಲಿ ಉಣ್ಣದೆ ನಿಮಗೆ ಅವಮಾನ ಮಾಡ್ತಿದೀನಿ ಅಂತ ಊರೋರು ಅಂತಾರೆ. ಅಮ್ಮ ಇದರಲ್ಲಿ ವಿಷ ಇದೆ ಅಂತಾರೆ. ನನಗೆ ಎರಕವೂ ಗೊತ್ತಿಲ್ಲ, ಪ್ರಯೋಗವೂ ಗೊತ್ತಿಲ್ಲ. ನೀವು ತಿನ್ನು ಅಂದ್ರೆ ತಿಂತೀನಿ."

ಚಮಚ ಎತ್ತಿ ಹಿಡಿದುಕೊಂಡಳು.

ಇವರು ಅವಳ ಮುಖ ನೋಡಿದರು. ಹೊಟ್ಟೆ ನೋಡಿದರು. ಬಾಯಿ ತೆರೆದರು. ತಿನ್ನು ಎನ್ನುವುದು ಎಷ್ಟು ಸಣ್ಣ ಮಾತು. ಅದು ಬರಲಿಲ್ಲ. ಅವಳ ಕೈಯಿಂದ ಚಮಚ ತೆಗೆದುಕೊಂಡು, ಎರಡೂ ಬಟ್ಟಲನ್ನು ಎತ್ತಿಕೊಂಡು ಹೋಗಿ ಬೂದಿಗುಂಡಿಗೆ ಸುರಿದರು. ಅಲ್ಲೇ ಬೆನ್ನು ತಿರುಗಿಸಿ ಕೂತರು. ನಾನು ಹತ್ತಿರ ಹೋಗಲಿಲ್ಲ. ಅವಳು ಹೋದಳು. ಏನು ಮಾತಾಡಿದರೋ ಕೇಳಿಸಲಿಲ್ಲ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಚೌಕದಲ್ಲಿ ಹೆಂಗಸರೆಲ್ಲ ಸೇರಿದ್ದರು. ದೊಡ್ಡ ಕಡಾಯಿಯನ್ನು ಒಲೆಗೆ ಏರಿಸಿಯಾಗಿತ್ತು. ಇನ್ನೂ ಬೆಂಕಿ ಇಟ್ಟಿರಲಿಲ್ಲ. ಇವರು ಕೊಟ್ಟಿಗೆಯಿಂದ ದೊಡ್ಡ ಸುತ್ತಿಗೆ ಎಳೆದುಕೊಂಡು ಬಂದರು.

"ಮೇಸ್ತ್ರಿಗಳೇ, ಏನು ರಿಪೇರಿಯಾ?" ಎಂದಳು ಬಾಷೋರತ್.

"ಇದು ನಾನು ಎರೆದದ್ದು" ಎಂದರು ಇವರು. "ಇದರಲ್ಲಿ ಸೀಸ ಇದೆ. ಬ್ಯಾಟರಿ ತಗಡು ಹಾಕಿ ಎರೆದೆ. ವಿಷ ಅಂತ ನನಗೆ ಗೊತ್ತಿರಲಿಲ್ಲ, ಹೆಂಡತಿ ಹೇಳಿದಾಗ ಕೇಳಲಿಲ್ಲ. ಈಗ ಗೊತ್ತಾಗಿದೆ. ಇದರಲ್ಲಿ ಮಕ್ಕಳಿಗೆ ಏನೂ ಬೇಯಿಸಬೇಡಿ."

ಸುತ್ತಿಗೆ ಎತ್ತಿದರು. ಅರ್ಧಕ್ಕೆ ಕೈ ಸೋತು ಸುತ್ತಿಗೆ ನೆಲಕ್ಕೆ ಬಿತ್ತು. ನಾನು ಹೋಗಿ ಹಿಡಿಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಹೊಡೆದೆವು. ಮೂರನೆಯ ಏಟಿಗೋ ನಾಲ್ಕನೆಯದಕ್ಕೋ ಅಂಚಿನಿಂದ ತಳದವರೆಗೆ ಸೀಳು ಬಿಟ್ಟಿತು.

"ನಮ್ಮನೇಲಿರೋದೂ?" ಬಾಷೋರತ್‌ಳ ಧ್ವನಿ ಇಷ್ಟು ಮೆಲ್ಲಗೆ ನಾನು ಕೇಳಿರಲಿಲ್ಲ.

"ನಿಮ್ಮನೇಲಿರೋದೂ, ತಾಯಿ."

ಕೆಲವರು ಬೈದರು. ಒಬ್ಬಳು ಉಗುಳಿದಳು. ಇವರು ತಲೆತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೆಂಗಸರೆಲ್ಲ ಮಸೀದಿಯ ಉಗ್ರಾಣದಿಂದ ಮಾವನವರ ಕಾಲದ ಕಬ್ಬಿಣದ ಕಡಾಯಿಯನ್ನು ಉರುಳಿಸಿಕೊಂಡು ಬಂದು, ಉಜ್ಜಿ, ಬೆಂಕಿ ಇಟ್ಟರು. ಸೌಟು ತಿರುಗಿಸುವ ಸರದಿಗೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಹೋಗಿ ನಿಂತೆ.

ಏಪ್ರಿಲ್ 11

ಬಹಳ ದಿನ ಬರೆಯಲಾಗಲಿಲ್ಲ. ಇವರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. ಬೆರಳು ಅಲ್ಲಾಡುತ್ತವೆ, ಎರಕದ ಸೌಟು ಹಿಡಿಯುವಷ್ಟು ಆಗುತ್ತದೋ ಇಲ್ಲವೋ ಡಾಕ್ಟರಮ್ಮ ಹೇಳುವುದಿಲ್ಲ. ಕುಲುಮೆ ಆರಿದೆ. ನಾನೂ ಓಯ್ದಿನ್‌ಳೂ ಕೈಗಾಡಿ ತಳ್ಳಿಕೊಂಡು ಮನೆಮನೆಯಿಂದ ಕಡಾಯಿ ವಾಪಸ್ ತರುತ್ತಿದ್ದೇವೆ. ಕೆಲವರು ಕೊಡುತ್ತಾರೆ. ಕೆಲವರು ನಮ್ಮ ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಹಗುರವಾದ ಕಡಾಯಿ ಬಿಡಲು ಅವರಿಗೆ ಮನಸ್ಸಿಲ್ಲ.

ಇವತ್ತು ಕಾಲುವೆಯಾಚೆಯ ಒಂದು ಮನೆ. ಒಳಗಿನಿಂದ ಎಳೆಮಗು ಅಳುವುದು ಕೇಳುತ್ತಿತ್ತು. ಬಾಗಿಲು ತೆಗೆಯದೆಯೇ ಆ ಮನೆಯಾಕೆ ಕೂಗಿದಳು.

"ನೀನು ನಿನ್ನ ಮಾವನಿಗೆ, ನಿನ್ನ ಅತ್ತೆ ನಿನಗೆ ಮದ್ದು ಹಾಕ್ತೀರ ಅಂತ ಊರೆಲ್ಲ ಮಾತು. ಈಗ ಅವಳ ಬಾಲ ಹಿಡ್ಕೊಂಡು ಬಂದಿದೀಯಲ್ಲ. ಇಬ್ಬರೂ ಸೇರಿ ನಮಗೇನು ಮಾಡೋಕೆ ಬಂದಿದೀರಿ?"

ಓಯ್ದಿನ್ ಹೊಸ್ತಿಲ ಮೇಲೆ ಭಾರವಾಗಿ ಕೂತಳು. ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕೈಚೀಲದಿಂದ ರೊಟ್ಟಿ ತೆಗೆದು ಮುರಿದು ನನಗೆ ಕೊಟ್ಟಳು.

"ಏನೂ ಅವಸರ ಇಲ್ಲ ಅಕ್ಕ" ಎಂದಳು ಬಾಗಿಲಿಗೆ. "ನಮ್ಮಮ್ಮ ರೊಟ್ಟಿ ತಿನ್ನಲಿ. ನೀವು ತೆಗೆಯೋವರೆಗೂ ಕೂತಿರ್ತೀವಿ."

ರೊಟ್ಟಿ ತಿಂದೆ. ಒಣಗಿತ್ತು, ಆದರೂ ಚೆನ್ನಾಗಿತ್ತು. ನೆರಳು ಗೋಡೆಯಿಂದ ಇಳಿದು ನಮ್ಮ ಕಾಲಿಗೆ ಬಂತು.

ಕೊನೆಗೆ ಚಿಲಕ ಸರಿಯಿತು. ಓಯ್ದಿನ್ ಮೊದಲು ಒಳಗೆ ಹೋಗಿ, ಕೇಳದೆಯೇ, ಅಳುವ ಮಗುವನ್ನು ಆಕೆಯ ಕಂಕುಳಿನಿಂದ ಎತ್ತಿಕೊಂಡಳು. ಬಿಳಿ ಕಡಾಯಿ ಒಲೆಯ ಮೇಲೆ ಇತ್ತು, ಹಾಲು ಕುದಿಯುತ್ತಿತ್ತು. ಆಕೆ ನನ್ನನ್ನೇ ನೋಡುತ್ತ ನಿಂತಳು, ನಾನು ಏನು ಹಾಕುತ್ತೇನೋ ಎಂದು. ಎರಡೂ ಅಂಗೈ ಬಿಡಿಸಿ ಅವಳಿಗೆ ತೋರಿಸಿದೆ. ಆಮೇಲೆ ಬಗ್ಗಿ ಒಲೆ ಆರಿಸಿದೆ.